ಒಲೆ ಪೈಪ್ ಹತ್ರ ಶೀಟ್ ಸೋರ್ತಿದೆಯಾ? ಸಿಮೆಂಟ್ ಮೆತ್ತೋ ಮುಂಚೆ ಇದನ್ನ ಓದಿ

ಮಳೆಗಾಲ ಹತ್ರ ಬಂತು. ಮಲೆನಾಡಿನ ಮನೆಗಳಲ್ಲಿ ಹಂಚು, ಶೀಟ್ ರಿಪೇರಿ ಶುರುವಾಗಿದೆ. ಎಲ್ಲ ಸರಿ ಮಾಡಿಸಿದರೂ ಒಂದು ಜಾಗ ಮಾತ್ರ ಪ್ರತಿ ವರ್ಷ ಕೈಕೊಡುತ್ತೆ. ಅದು ಬಚ್ಚಲ ಹಂಡೆ ಒಲೆಯ ಹೊಗೆ ಪೈಪ್ ಶೀಟ್ ದಾಟಿ ಮೇಲೆ ಹೋಗುವ ತೂತು. ನಮ್ಮನೆಯಲ್ಲಿ ಮೂರು ವರ್ಷ ಸಿಮೆಂಟ್ ಮೆತ್ತಿದ್ವಿ, ಮೂರೂ ವರ್ಷ ಬಿರುಕು ಬಿಡ್ತು.

ತಪ್ಪು ಸಿಮೆಂಟಿನದ್ದಲ್ಲ. ಕಬ್ಬಿಣ ಬಿಸಿಯಾದರೆ ಹಿಗ್ಗುತ್ತೆ. ಮೂರು ಮೀಟರ್ ಪೈಪಿನ ಬಿಸಿ 200 ಡಿಗ್ರಿ ಏರಿದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತೆ, ಆರಿದರೆ ವಾಪಸ್. ದಿನಾ ಹೀಗೆ ಏರಿಳಿಯೋ ಪೈಪಿಗೆ ಶೀಟನ್ನ ಗಟ್ಟಿಯಾಗಿ ಅಂಟಿಸಿದರೆ ಎಲ್ಲೋ ಒಂದು ಕಡೆ ಬಿಡಲೇಬೇಕು. ಟಾರ್ ಹಾಕಿದರೆ ಕರಗುತ್ತೆ.

ಹಾಗಾಗಿ ಪೈಪನ್ನ ಶೀಟಿಗೆ ಅಂಟಿಸಲೇಬಾರದು. ಪೈಪಿಗಿಂತ ಒಂದೆರಡು ಇಂಚು ಅಗಲದ, ಆರು ಇಂಚು ಎತ್ತರದ ಕಾಲರ್ ಮಾಡಿಸಿ ಶೀಟಿಗೆ ಕೂರಿಸಬೇಕು. ಹೊಗೆ ಪೈಪ್ ಅದರೊಳಗೆ ಸಡಿಲವಾಗಿ ಓಡಾಡಲಿ. ಕಾಲರ್ ಬಾಯಿ ಮುಚ್ಚುವ ಹಾಗೆ ಪೈಪಿಗೆ ಕೊಡೆಯಂಥ ತಗಡು ಕಟ್ಟಿ, ಅದರ ಮೇಲಂಚಿಗೆ ಮಾತ್ರ ಶಾಖ ತಡೆಯೋ ಸಿಲಿಕೋನ್ ಹಚ್ಚಿದರೆ ಸಾಕು. ಕಾಲರ್‌ನ ಕೆಳಗಿನ ತಗಡು ಶೀಟಿನ ಉಬ್ಬು ತಗ್ಗಿಗೇ ಹೊಂದಬೇಕು. ಅದರ ಮೇಲಂಚು ಮೇಲಿನ ಶೀಟಿನ ಅಡಿಗೆ, ಕೆಳಗಿನ ಅಂಚು ಕೆಳಗಿನ ಶೀಟಿನ ಮೇಲೆ ಬರಬೇಕು. ಉಲ್ಟಾ ಆದರೆ ಎಷ್ಟು ಸಿಲಿಕೋನ್ ಸುರಿದರೂ ನೀರು ಒಳಗೇ.

ಒಳಗಿನಿಂದ ಗಾಳಿ, ಹುಳ ಬರಬಾರದು ಅಂದ್ರೆ ಆ ಸಂದಿಗೆ ಗ್ಲಾಸ್ ಫೈಬರ್ ಹಗ್ಗ ಸುತ್ತಿ ಕೆಳಗೆ ತಗಡಿನ ಬಳೆ ಹಾಕಿ. ಫೋಮ್ ಸ್ಪ್ರೇ, ಥರ್ಮೋಕೋಲ್ ಬೇಡವೇ ಬೇಡ, ಎರಡೂ ಉರಿಯುತ್ತವೆ. ಈಗ ಎಲ್ಲರೂ ಹಾಕಿಸ್ತಿರೋ ಪಿವಿಸಿ ಸೀಲಿಂಗ್ ಆಗಲಿ, ಮರದ ಪಕಾಸು ರೀಪು ಆಗಲಿ ಬರೀ ಪೈಪಿನಿಂದ ಒಂದೂವರೆ ಅಡಿ ದೂರ ಇರಬೇಕು.

ಇನ್ನೊಂದು ವಿಷಯ. ಪೈಪ್ ಬುಡದಲ್ಲಿ ತೊಟ್ಟಿಕ್ಕೋ ಕಪ್ಪು ನೀರೆಲ್ಲ ಮಳೆ ನೀರಲ್ಲ. ಹಸಿ ಸೌದೆ ಉರಿಸಿದಾಗ ಹೊಗೆಯ ತೇವ ತಣ್ಣನೆ ಪೈಪಿನಲ್ಲಿ ನೀರಾಗಿ ಇಳಿಯುತ್ತೆ. ಮಳೆ ಇಲ್ಲದ ದಿನವೂ ಬಂದರೆ ಅದೇ. ಜಾಯಿಂಟಿನಲ್ಲಿ ಮೇಲಿನ ಪೈಪ್ ಕೆಳಗಿನ ಪೈಪಿನ ಒಳಗೆ ಕೂತಿರಬೇಕು, ಆಗ ಅದು ಹೊರಗೆ ಬರದೆ ಒಲೆಗೇ ಇಳಿಯುತ್ತೆ. ಶೀಟಿನ ಮೇಲೆ ಜಾಯಿಂಟ್ ಬೇಡ.

ಈಗ ಭಯಪಡಬೇಕಾದ ಮಾತು. ಎಲ್ಲ ಸಂದಿ ಮುಚ್ಚಿ, ಚಳಿಗೆ ಕಿಟಕಿಯೂ ಹಾಕಿದರೆ ಒಲೆಗೆ ಗಾಳಿ ಎಲ್ಲಿಂದ? ಗಾಳಿ ಸಾಲದಿದ್ದರೆ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಬರುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿ ಸ್ನಾನಕ್ಕೆ ಹೋದವರು ಅಲ್ಲೇ ಬೀಳಬಹುದು, ಜೀವವೂ ಹೋಗಬಹುದು. ಗೋಡೆಯಲ್ಲಿ ಒಲೆ ಬಾಯಿ ಹತ್ರ ಹೊರಗಿನ ಗಾಳಿಗೆ ನಾಲ್ಕು ಇಂಚಿನ ತೂತು ಬಿಡಿ. ಅದಕ್ಕೆ ಬಟ್ಟೆ ತುರುಕಬೇಡಿ. ಸೌದೆ ಒಲೆ ಇರೋ ಹೋಟೆಲ್, ಬೇಕರಿಯವರು ಎಕ್ಸಾಸ್ಟ್ ಫ್ಯಾನ್ ಹಾಕೋವಾಗ ನೋಡ್ಕೊಳ್ಳಿ: ಒಳಗೆ ಬರೋ ಗಾಳಿ ಸಾಲದಿದ್ದರೆ ಫ್ಯಾನ್ ಪೈಪಿನ ಹೊಗೆಯನ್ನೇ ವಾಪಸ್ ಎಳೆಯುತ್ತೆ.

ಹಳೇ ಸಿಮೆಂಟ್ ಶೀಟ್ ಆದರೆ ಕಟರ್ ಮೆಷಿನ್ ಹಚ್ಚಬೇಡಿ, ಅದರಲ್ಲಿ ಅಸ್ಬೆಸ್ಟಾಸ್ ಇರುತ್ತೆ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆ ಒಂದು ಶೀಟನ್ನೇ ತೆಗೆಸಿ ತಗಡಿನದ್ದು ಹಾಕಿಸೋದು ವಾಸಿ. ಹತ್ತೋರು ಹಲಗೆ ಹಾಕ್ಕೊಂಡೇ ಹತ್ತಲಿ, ಹಳೇ ಶೀಟ್ ಕಾಲಿಟ್ಟ ಕಡೆ ಒಡೆಯುತ್ತೆ.