ಕೌದಿಯ ಸೂಜಿ ಮತ್ತು ಹಿತ್ತಲದ ದನಕರು



ದೀಪಾವಳಿ ಮುಗಿದು ಥಂಡಿ ಸುರುವಾತಂದ್ರ ನಮ್ಮ ಮನೆಯಲ್ಲಿ ಎರಡು ಕೆಲಸ ಒಟ್ಟಿಗೇ ಬರುತ್ತವೆ. ಒಂದು, ಹರಿದ ಕೌದಿ ಬಿಚ್ಚಿ ಮತ್ತೆ ಹೊಲಿಯುವುದು. ಇನ್ನೊಂದು, ಹಿತ್ತಲದಲ್ಲಿರುವ ಆಕಳು, ಆಡು, ಕೋಳಿಗಳನ್ನು ಥಂಡಿಯಿಂದ ಕಾಯುವುದು. ಈ ಸಲ ಎರಡರಲ್ಲೂ ನಾನು ತಪ್ಪು ಮಾಡಿದೆ. ನೀವು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ಕೌದಿ ಹೇಗೆ ಬೆಚ್ಚಗಿಡುತ್ತದೆ ತಿಳಿಯೋಣ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಕೌದಿಗೆ ತನ್ನದೇ ಬಿಸಿ ಇಲ್ಲ. ಪದರಗಳ ನಡುವೆ ಗಾಳಿ ನಿಂತಿರುತ್ತದೆ. ಆ ಗಾಳಿ ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ.

ನಾನು ದಾರ ಬಿಗಿಯಾಗಿ ಜಗ್ಗಿ ಜಗ್ಗಿ ಹೊಲಿದೆ. ಕೌದಿ ಸುಟ್ಟ ಹಪ್ಪಳದಂತೆ ಮುದುಡಿತು. ಆಯಿ ನಕ್ಕು, "ಜಗ್ಗಿದ್ರ ಪದರಾ ಒಂದಕ್ಕೊಂದು ಅಂಟ್ತಾವ, ಥಂಡಿ ತಡಿಯಂಗಿಲ್ಲವ್ವಾ. ಮೊದಲ ನಾಕೂ ಮೂಲಿಗೆ ಕಲ್ಲ ಇಡು, ಉದ್ದುದ್ದ ಟಾಕಿ ಹಾಕು, ಆಮ್ಯಾಲೆ ಹೊಲಿ" ಅಂದಳು.

ಎರಡನೆಯ ತಪ್ಪು ಆಡಿನ ಮರಿಯದು. ನಸುಕಿನಲ್ಲಿ ಆಡು ಈಯಿತು. ರಾತ್ರಿಯೆಲ್ಲ ಹೊರಗಿದ್ದ ಕೌದಿ ತುಂಡನ್ನು ಮರಿಗೆ ಹೊದಿಸಿದೆ. ಅದು ಇಬ್ಬನಿಯಲ್ಲಿ ತೊಯ್ದಿತ್ತು. ಮರಿ ಗಡಗಡ ನಡುಗಿತು. ಅವ್ವ ಅದನ್ನು ಕಿತ್ತೆಸೆದು, ಒಣ ಗೋಣಿಯಿಂದ ಮರಿಯ ಮೈ ಒರೆಸಿ, ಗಿಣ್ಣದ ಹಾಲು ಕುಡಿಸಿದಳು. ನೀರು ಗಾಳಿಗಿಂತ ಸುಮಾರು ೨೪ ಪಟ್ಟು ಹೆಚ್ಚು ಬಿಸಿಯನ್ನು ಸಾಗಿಸುತ್ತದೆ. ಆದ್ದರಿಂದ ಹಸಿ ಕೌದಿಗಿಂತ ಏನೂ ಹೊದಿಸದಿರುವುದೇ ಲೇಸು. ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣ ಕುಡಿದರೆ ಮರಿಗೆ ಶಕ್ತಿಯೂ ಬರುತ್ತದೆ, ರೋಗ ತಡೆಯುವ ಗುಣವೂ ಬರುತ್ತದೆ.

ಕೋಳಿಗೂಡಿನ ಎಲ್ಲಾ ಕಿಂಡಿ ಮುಚ್ಚುವುದೂ ತಪ್ಪೇ. ಹಿಕ್ಕೆಯಿಂದ ಏಳುವ ಅಮೋನಿಯಾ ಒಳಗೇ ನಿಂತು ಕಣ್ಣು ಉರಿಸುತ್ತದೆ. ಕೆಳಗೆ ಗಾಳಿ ತಡೆಯಬೇಕು, ಮೇಲೆ ಕಿಂಡಿ ಬಿಡಬೇಕು.

ದೊಡ್ಡ ತಪ್ಪು ಕಡೆಯದು. ದನದ ಕೊಟ್ಟಿಗೆಯ ಬಾಜೂಕ ಬಿಸಿಲಲ್ಲಿ ಕುಂತು ಹೊಲಿಯುತ್ತಿದ್ದೆ. ಊಟಕ್ಕೆ ಏಳುವಾಗ ಸೂಜಿಯನ್ನು ಕಣಿಕೆಯ ಸಿವುಡಿಗೆ ಚುಚ್ಚಿಟ್ಟೆ. ತಿರುಗಿ ಬಂದಾಗ ಸಿವುಡೂ ಇಲ್ಲ, ಸೂಜಿಯೂ ಇಲ್ಲ. ಅಪ್ಪ ಅದನ್ನು ಗ್ವಾದಲಿಗೆ ಹಾಕಿದ್ದ!

ಬೈತಾರಂತ ಸುಮ್ಮನಿರೋಣ ಅನ್ನಿಸಿತು. ಆದರೆ ಆಕಳು ಗಬ್ಬ ಇತ್ತು. ಮನಸ್ಸು ತಡೀಲಿಲ್ಲ, ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ. ಮೊದಲು ಆಕಳನ್ನು ಬಿಚ್ಚಿ ಬೇರೆ ಕಡೆ ಕಟ್ಟಿದ. ನಾನು ಶಾಲೆಗೆ ಓಡಿ ವಿಜ್ಞಾನದ ಗುರುಗಳಿಂದ ಅಯಸ್ಕಾಂತ ಇಸಗೊಂಡು ಬಂದೆ. ಮೇವನ್ನೆಲ್ಲ ಅಂಗಳದಲ್ಲಿ ಹರವಿ ಅಯಸ್ಕಾಂತ ಆಡಿಸಿದೆವು. ಬಹಳ ಹೊತ್ತಿನ ಮೇಲೆ 'ಟಕ್' ಅಂತ ಸೂಜಿ ಅಂಟಿತು. ಅವ್ವ ಕಣ್ಣೊರೆಸಿಕೊಂಡಳು.

ಅಷ್ಟು ಹೆದರುವುದು ಯಾಕೆ? ಆಕಳು ಮೇವನ್ನು ಪೂರಾ ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಹೀಗಾಗಿ ಸೂಜಿ, ತಂತಿ, ಮೊಳೆಗಳೂ ಒಳಗೆ ಹೋಗುತ್ತವೆ. ಅದರ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಎರಡನೆಯದು ಜೇನುಗೂಡಿನ ಹಾಗಿದೆ. ಭಾರವಾದ ಕಬ್ಬಿಣ ಅಲ್ಲೇ ನಿಲ್ಲುತ್ತದೆ. ಅದರ ಮುಂದೆ ತೆಳುವಾದ ವಪೆ, ವಪೆಯ ಆಚೆ ಹೃದಯ. ಹೊಟ್ಟೆ ಕುಗ್ಗಿದಾಗಲೆಲ್ಲ ಸೂಜಿ ಮುಂದಕ್ಕೆ ಚುಚ್ಚಿಕೊಂಡು ಹೃದಯದ ತನಕ ಹೋಗಬಹುದು. ಆಗ ಆಕಳು ಉಳಿಯುವುದು ಕಷ್ಟ.

ಆದ್ದರಿಂದ ಇಷ್ಟು ನೆನಪಿಡೋಣ:

೧. ಹೊಲಿಯುವ ಮೊದಲು, ಹೊಲಿದ ಮೇಲೆ ಸೂಜಿ ಎಣಿಸಬೇಕು.
೨. ಸೂಜಿಯಲ್ಲಿ ಯಾವಾಗಲೂ ಬಣ್ಣದ ದಾರ ಇರಲಿ, ಬಿದ್ದರೆ ಕಾಣುತ್ತದೆ.
೩. ಕೊಟ್ಟಿಗೆ, ಬಣವೆಯ ಹತ್ತಿರ ಹೊಲಿಯಬಾರದು.
೪. ಸೂಜಿ ಕಳೆದರೆ ಮುಚ್ಚಿಡಬಾರದು. ಬೈಗುಳ ಒಂದು ದಿನದ್ದು, ಹೋದ ಆಕಳು ತಿರುಗಿ ಬರುವುದಿಲ್ಲ.

— ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ