ಸ್ಕ್ಯಾನ್ ನಾರ್ಮಲ್ ಬಂದರೆ ಮರೆವಿನ ಕಾಯಿಲೆ ಇಲ್ಲವೆಂದಲ್ಲ

‘ಮೈಸೂರಿಗೆ ಕರ್ಕೊಂಡೋಗಿ ತಲೆ ಸ್ಕ್ಯಾನ್ ಮಾಡಿಸ್ದೊ, ನಾರ್ಮಲ್ ಬಂತು. ಅವ್ವಂಗೆ ಏನೂ ಇಲ್ಲ.’ ಕಾಮಗೆರೆ, ಹನೂರು ಕಡೆಯ ಮನೆಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದೇ ಅವ್ವ ಉಂಡದ್ದು ಮರೆತು ಮತ್ತೆ ಊಟ ಕೇಳಿದರೆ, ಸ್ಕ್ಯಾನ್ ಸರಿಯಿದೆಯಲ್ಲ, ಇದು ಹಟ ಎಂದು ಗದರುತ್ತಾರೆ.

ಸಿಟಿ ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಗೆಡ್ಡೆ, ಮಿದುಳಲ್ಲಿ ನೀರು ತುಂಬಿರುವುದು, ಹೆಚ್ಚೆಂದರೆ ಮಿದುಳು ಕುಗ್ಗಿರುವುದು. ಆಲ್‌ಝೈಮರ್ ಕಾಯಿಲೆಯ ಗುರುತು ಬೇರೆ: ನರಕೋಶಗಳ ಹೊರಗೆ ಕಟ್ಟಿಕೊಳ್ಳುವ ಅಮಿಲಾಯ್ಡ್, ಒಳಗೆ ಸಿಕ್ಕುಗಟ್ಟುವ ಟಾವ್ ಎಂಬ ಪ್ರೋಟೀನುಗಳು. 1906ರಲ್ಲಿ ಅಲೋಯಿಸ್ ಆಲ್‌ಝೈಮರ್ ಇವನ್ನು ವಿವರಿಸಿದ್ದು ತೀರಿಕೊಂಡ ಮಹಿಳೆಯೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಮರೆವು ಶುರುವಾಗುವ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಅಮಿಲಾಯ್ಡ್ ಶೇಖರವಾಗುತ್ತಿರುತ್ತದೆ. ಬದುಕಿರುವವರಲ್ಲಿ ಅದನ್ನು ಪತ್ತೆಹಚ್ಚಲು ಅಮಿಲಾಯ್ಡ್ ಪೆಟ್ ಸ್ಕ್ಯಾನ್ ಬೇಕು, ಇಲ್ಲವೇ ಬೆನ್ನಿನಿಂದ ತೆಗೆದ ದ್ರವದ ಪರೀಕ್ಷೆ, ಇಲ್ಲವೇ ಟಾವ್‌ನ ಒಂದು ರೂಪವನ್ನು ಅಳೆಯುವ, ಈಗ ಬಂದಿರುವ ಪಿ-ಟಾವ್217 ರಕ್ತಪರೀಕ್ಷೆ. ಸಾಮಾನ್ಯ ಸಿಟಿ ಫಿಲ್ಮಿನಲ್ಲಿ ಅದು ಕಾಣುವುದೇ ಇಲ್ಲ.

ಹಾಗಾದರೆ ರಕ್ತ ಕೊಟ್ಟರೆ ಮುಗಿಯಿತೇ? ಇಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇಂಥ ಮೊದಲ ರಕ್ತಪರೀಕ್ಷೆಗೆ ಅನುಮತಿ ಸಿಕ್ಕಿದ್ದು 55 ದಾಟಿದ, ಲಕ್ಷಣ ಕಾಣಿಸಿಕೊಂಡವರಿಗೆ ಮಾತ್ರ. ಮೂತ್ರಪಿಂಡದ ತೊಂದರೆ ಇದ್ದರೂ ಪಿ-ಟಾವ್ ಏರುತ್ತದೆ. ನೆನಪು ಚೆನ್ನಾಗಿರುವ ಕೆಲವು ಹಿರಿಯರ ಮಿದುಳಲ್ಲೂ ಅಮಿಲಾಯ್ಡ್ ಇರುತ್ತದೆ. ಈ ಪರೀಕ್ಷೆಗಳ ಅಳತೆಗಳು ಬಹುಪಾಲು ಪಾಶ್ಚಾತ್ಯರ ಮೇಲೆ ನಿಂತಿವೆ. ನಮ್ಮ ಹಳ್ಳಿಯ ದೇಹಗಳ ಲೆಕ್ಕ ಸಿಗಬೇಕೆಂದೇ ಬೆಂಗಳೂರಿನ ಐಐಎಸ್ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಗ್ರಾಮಸ್ಥರನ್ನು ವರ್ಷಗಟ್ಟಲೆ ಹಿಂಬಾಲಿಸಿ ರಕ್ತ, ಎಂಆರ್‌ಐ, ನೆನಪಿನ ಶಕ್ತಿ ಎಲ್ಲವನ್ನೂ ದಾಖಲಿಸುತ್ತಿದೆ.

ಸ್ಕ್ಯಾನಿನ ಮೇಲಿನ ಕುರುಡು ನಂಬಿಕೆಯಂತೆಯೇ, ಅರಳು ಮರಳು ವಯಸ್ಸಿನ ಸಹಜ ಗುಣವೆಂಬುದೂ ತಪ್ಪು. ಈ ಕಾಯಿಲೆ ಅಪ್ಪನಿಗೆ ಬಂದರೆ ಮಗನಿಗೂ ಬಂದೇ ಬರುತ್ತದೆ ಎಂಬುದೂ ತಪ್ಪು.

ನನಗೆ ಸಿಟ್ಟು ಬರಿಸುವುದು ಇನ್ನೂ ಒಂದಿದೆ. ಯಂತ್ರದಿಂದ ಬಂದ ಹಾಳೆಯನ್ನು ಕಣ್ಣಿಗೊತ್ತಿಕೊಳ್ಳುವ ನಾವು, ಅತ್ತೆ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಾರೆ ಎಂದು ವರ್ಷದ ಹಿಂದೆಯೇ ಹೇಳಿದ ಸೊಸೆಯ ಮಾತನ್ನು ನಂಬುವುದಿಲ್ಲ. ವಾಟ್ಸಾಪಿನಲ್ಲಿ ಬಂದ ನೆನಪಿನ ಟಾನಿಕ್ಕನ್ನು ಮಾತ್ರ ಅವತ್ತೇ ತರಿಸುತ್ತೇವೆ. ರೋಗನಿರ್ಣಯ ಶುರುವಾಗುವುದೇ ಆ ಸೊಸೆಯ ಮಾತಿನಿಂದ. ಡಾಕ್ಟರ ಹತ್ತಿರ ಅವಳನ್ನೂ ಕರೆದೊಯ್ಯಿರಿ. ಯಾವಾಗಿನಿಂದ, ದುಡ್ಡು ಎಣಿಸಲು ಬರುತ್ತದೆಯೇ, ದಾರಿ ತಪ್ಪಿದ್ದು ಯಾವಾಗ ಎಂಬುದನ್ನು ಅವಳೇ ಹೇಳಲಿ. ಬಿ12, ಥೈರಾಯ್ಡ್ ಪರೀಕ್ಷೆ ಅಲ್ಲೇ ಮಾಡಿಸಿ. ಅವುಗಳ ಕೊರತೆಯಿಂದ ಬಂದ ಮರೆವಿಗೆ ಮದ್ದಿದೆ.