ರಕ್ತದ ಕ್ಯಾನ್ಸರ್ ಸಂಶೋಧನೆ: ರೋಗಿಯ ಒಪ್ಪಿಗೆ, ಇಲಿಯ ನೋವು

ನಮ್ಮ ಎಲುಬಿನೊಳಗೆ ಅಸ್ಥಿಮಜ್ಜೆ ಎಂಬ ಮೆತ್ತನೆಯ ಭಾಗವಿದೆ. ರಕ್ತಕಣಗಳು ಹುಟ್ಟುವುದು ಅಲ್ಲಿಯೇ. ಕೆಲವೊಮ್ಮೆ ಅಲ್ಲಿನ ಎಳೆಯ ಕಣಗಳು ಬಲಿಯದೆ, ಬರೀ ಹೆಚ್ಚುತ್ತಾ ಹೋಗುತ್ತವೆ. ಒಳ್ಳೆಯ ಕಣಗಳಿಗೆ ಜಾಗವೇ ಉಳಿಯುವುದಿಲ್ಲ. ಸುಸ್ತು, ಜ್ವರ, ರಕ್ತಸ್ರಾವ ಕಾಣಿಸುತ್ತವೆ. ಇದೇ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರಿನ ಒಂದು ಬಗೆ.

ಗುಣವಾದಂತೆ ಕಂಡರೂ ಈ ರೋಗ ಮರಳುವುದುಂಟು. ಏಕೆ? 1994ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜಾನ್ ಡಿಕ್ ಮತ್ತು ಸಂಗಡಿಗರು ರೋಗಿಗಳ ಕ್ಯಾನ್ಸರ್ ಕಣಗಳನ್ನು ರೋಗನಿರೋಧಕ ಶಕ್ತಿ ಕುಂದಿದ ಸಣ್ಣ ಇಲಿಗಳಿಗೆ ಸೇರಿಸಿ ನೋಡಿದರು. ಸುಮಾರು 2,50,000 ಕಣಗಳಲ್ಲಿ ಒಂದಕ್ಕೆ ಮಾತ್ರ ಇಲಿಯಲ್ಲಿ ರೋಗ ಹುಟ್ಟಿಸುವ ಶಕ್ತಿಯಿತ್ತು. ಹೊಲದಲ್ಲಿ ಕರಕಿ ಹುಲ್ಲಿನ ಬೇರು ಉಳಿದರೆ ಮತ್ತೆ ಚಿಗುರುತ್ತದಲ್ಲ, ಹಾಗೆ! ಜೀವಂತ ಶರೀರವಿಲ್ಲದೆ ಇದನ್ನು ಕಂಡುಹಿಡಿಯುವುದು ಕಷ್ಟವಿತ್ತು.

ನಮ್ಮ ರಾಜ್ಯದಲ್ಲೇ ನವಿ ಮುಂಬಯಿಯ ಖಾರಘರದಲ್ಲಿ ಟಾಟಾ ಸ್ಮಾರಕ ಕೇಂದ್ರದ ‘ಆಕ್ಟ್ರೆಕ್’ ಇದೆ. ಅಲ್ಲಿ ಕ್ಯಾನ್ಸರ್ ಚಿಕಿತ್ಸೆ, ಸಂಶೋಧನೆ ಎರಡೂ ನಡೆಯುತ್ತವೆ. ಪ್ರಯೋಗದ ಇಲಿಗಳನ್ನು ಸಾಕುವ ವಿಭಾಗವೂ ಇದೆ. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಎರಡು ಸಮಿತಿಗಳ ಅಪ್ಪಣೆ ಬೇಕು.

ಒಂದು ಸಮಿತಿ ರೋಗಿಯ ಪರವಾಗಿ ನೋಡುತ್ತದೆ. ಅದರಲ್ಲಿ ವೈದ್ಯರ ಜತೆ ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರೂ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ, ಸಂಶೋಧನೆಗೆಂದು ಮಜ್ಜೆ ಪಡೆಯುವ ಮುಂಚೆ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಕೇಳಬೇಕು. ರೋಗಿ ನಿಮ್ಮ ವಯಸ್ಸಿನವರಾದರೆ? ತಂದೆತಾಯಿಯ ಒಪ್ಪಿಗೆಯೊಂದೇ ಸಾಲದು. 7 ವರ್ಷ ದಾಟಿದ ಮಕ್ಕಳನ್ನೂ ಕೇಳಬೇಕು. ಬೇಡ ಅಂದ್ರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಇನ್ನೊಂದು ಸಮಿತಿ ಪ್ರಾಣಿಯ ಪರವಾಗಿ ನೋಡುತ್ತದೆ. ಇದಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, 1998ರ ನಿಯಮಗಳ ಬಲವಿದೆ. ಅದು ಮೂರು ಪ್ರಶ್ನೆ ಕೇಳುತ್ತದೆ: ಇಲಿಯಿಲ್ಲದೆ ಆಗುವುದಿಲ್ಲವೇ? ಕಡಿಮೆ ಇಲಿಗಳು ಸಾಲವೇ? ನೋವು ತಗ್ಗಿಸಲಾಗದೇ? ಇವನ್ನು 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಹಾಕಿಕೊಟ್ಟರು. ರೋಗ ಹೆಚ್ಚಿ ಇಲಿ ನರಳುವಂತಾದರೆ ಪ್ರಯೋಗ ಅಲ್ಲಿಗೇ ನಿಲ್ಲಿಸಿ, ಆದಷ್ಟು ನೋವಾಗದಂತೆ ಅದರ ಪ್ರಾಣ ತೆಗೆಯುತ್ತಾರೆ. ಕಠಿಣ ಮಾತೇ, ಆದರೆ ಮುಚ್ಚಿಡುವಂಥದ್ದಲ್ಲ.

ಗಡಹಿಂಗ್ಲಜ, ಇಚಲಕರಂಜಿ, ನೇಸರಿ ಕಡೆಯ ಕನ್ನಡ ಮನೆಯವರು ದೊಡ್ಡ ಆಸ್ಪತ್ರೆಗೆ ಹೋದಾಗ ಮರಾಠಿ ಇಲ್ಲವೇ ಇಂಗ್ಲಿಷಿನ ಒಪ್ಪಿಗೆ ಪತ್ರ ಮುಂದೆ ಬರಬಹುದು. ಅಜ್ಜಿಗೆ ಅದು ತಿಳಿಯದಿದ್ದರೆ ಜೊತೆಗಿರುವ ನೀವು ಸಂಕೋಚಪಡದೆ ಕೇಳಿ: “ಡಾಕ್ಟರ್ ಸಾಹೇಬ್ರ, ನಮ್ಮ ಅಜ್ಜಿಗೆ ಕನ್ನಡದಾಗ ತಿಳಿಸಿ ಹೇಳಸ್ರಿ.” ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ.